ವಿಜ್ಞಾನ ಪ್ರಶ್ನೋತ್ತರ: ಬಾಹ್ಯಾಕಾಶದಲ್ಲಿ ತಿರುಗುವ ಚಕ್ರಗಳ ಲೆಕ್ಕ

ಬಾಹ್ಯಾಕಾಶ ದೂರದರ್ಶಕಗಳ ಉಪಕರಣಗಳ ಒಳಗೆ ಚಲಿಸುವ ಭಾಗಗಳ ಬಗ್ಗೆ, ಅವುಗಳ ಕ್ಯಾಲಿಬ್ರೇಷನ್ (ಅಳತೆಯ ತಪ್ಪನ್ನು ಕಂಡುಹಿಡಿದು ತಿದ್ದುವ ಕೆಲಸ) ಬಗ್ಗೆ ಕೆಲವು ಓದುಗರು ಬರೆದು ಕೇಳಿದ್ದಾರೆ. ಒಂದು ಪ್ರಶ್ನೆಯ ಉತ್ತರ ಇನ್ನೊಂದಕ್ಕೆ ಆಧಾರವಾಗುವಂತಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಇದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ಜೇಮ್ಸ್ ವೆಬ್ ದೂರದರ್ಶಕದ ಉಪಕರಣಗಳಲ್ಲಿ ಫಿಲ್ಟರ್‌ಗಳನ್ನೂ ಗ್ರೇಟಿಂಗ್‌ಗಳನ್ನೂ (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ, ಸೂಕ್ಷ್ಮ ಗೀರುಗಳ ಫಲಕಗಳನ್ನೂ) ಜೋಡಿಸಿದ ಚಕ್ರಗಳಿದ್ದು, ಬೇಕಾದದ್ದನ್ನು ಬೆಳಕಿನ ದಾರಿಗೆ ತರಲು ಅವನ್ನು ತಿರುಗಿಸುತ್ತಾರೆಂದು ಓದಿದೆ. ಈ ಚಕ್ರಗಳು ಪ್ರತಿಸಲವೂ ಕರಾರುವಾಕ್ಕಾಗಿ ಅದೇ ಜಾಗಕ್ಕೆ ಬಂದು ನಿಲ್ಲುತ್ತವೆಯೇ? ನಿಲ್ಲದಿದ್ದರೆ ಅವುಗಳಿಂದ ಬಂದ ರೋಹಿತವನ್ನು (ತರಂಗಾಂತರಗಳಾಗಿ ಬಿಡಿಸಿದ ಬೆಳಕನ್ನು) ನಂಬುವುದು ಹೇಗೆ?
— ಬಿ.ಎಸ್‌ಸಿ. ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ನಿಲ್ಲುವುದಿಲ್ಲ. ನಿಲ್ಲುತ್ತವೆ ಎಂದು ಅವನ್ನು ತಯಾರಿಸಿದವರೂ ಹೇಳಿಲ್ಲ. ವೆಬ್‌ನ ನಾಲ್ಕು ಉಪಕರಣಗಳಲ್ಲಿ ಒಂದಾದ ನಿಯರ್‌ಸ್ಪೆಕ್ ಎಂಬ ರೋಹಿತಮಾಪಕವನ್ನೇ ನೋಡೋಣ. ಐರೋಪ್ಯ ಬಾಹ್ಯಾಕಾಶ ಸಂಸ್ಥೆ ಒದಗಿಸಿದ ಈ ಉಪಕರಣ 0.6ರಿಂದ 5.3 ಮೈಕ್ರಾನ್‌ವರೆಗಿನ ತರಂಗಾಂತರದ ಬೆಳಕನ್ನು, ಎಂದರೆ ಕೆಂಪಿನ ಅಂಚಿನಿಂದ ಅವಕೆಂಪಿನೊಳಗೆ ಸಾಕಷ್ಟು ದೂರದವರೆಗಿನ ಬೆಳಕನ್ನು, ಬಿಡಿಸಿ ನೋಡುತ್ತದೆ. ಅದರ ಗ್ರೇಟಿಂಗ್ ಚಕ್ರದಲ್ಲಿ ಎಂಟು ಸ್ಥಾನಗಳಿವೆ. ಆರರಲ್ಲಿ ಗ್ರೇಟಿಂಗ್‌ಗಳು, ಒಂದರಲ್ಲಿ ಪ್ರಿಸಂ, ಉಳಿದೊಂದರಲ್ಲಿ ಬರಿಯ ಕನ್ನಡಿ. ಚಕ್ರ ತಿರುಗಿ ನಿಂತಾಗ ಗ್ರೇಟಿಂಗ್‌ನ ಮೇಲ್ಮೈ ಹಿಂದಿನ ಸಲ ನಿಂತಿದ್ದಕ್ಕಿಂತ ಕೆಲವು ಕೋನ ಸೆಕೆಂಡುಗಳಷ್ಟು ವಾಲಿರಬಹುದು. ಒಂದು ಡಿಗ್ರಿಯಲ್ಲಿ 3,600 ಕೋನ ಸೆಕೆಂಡುಗಳಿರುತ್ತವೆ ಎಂಬುದನ್ನು ನೆನೆದರೆ ಇದು ತೀರಾ ಅಲ್ಪವೆನಿಸುತ್ತದೆ. ಆದರೆ ಪ್ರತಿಫಲಿಸುವ ಮೇಲ್ಮೈ ಎಷ್ಟು ವಾಲುತ್ತದೋ ಅದರ ಸುಮಾರು ಎರಡರಷ್ಟು ಕಿರಣ ವಾಲುವುದರಿಂದ, ಬೆಳಕನ್ನು ದಾಖಲಿಸುವ ಡಿಟೆಕ್ಟರ್ ಮೇಲೆ ಇಡೀ ರೋಹಿತವೇ ಪಿಕ್ಸೆಲ್‌ನ ಒಂದು ಅಂಶದಷ್ಟು ಪಕ್ಕಕ್ಕೆ ಸರಿದು ಬೀಳುತ್ತದೆ.

ಪಿಕ್ಸೆಲ್‌ನ ಅಂಶವೊಂದು ಏನು ಮಹಾ ಎಂದು ಕೇಳಬಹುದು. ನಿಯರ್‌ಸ್ಪೆಕ್‌ನ ಅತಿ ಸೂಕ್ಷ್ಮ ವಿಧಾನದಲ್ಲಿ ಅದರ ಬಿಡಿಸುವ ಸಾಮರ್ಥ್ಯ ಸುಮಾರು 2,700, ಎಂದರೆ ತರಂಗಾಂತರದ 2,700ನೇ ಒಂದು ಭಾಗದಷ್ಟು ಅಂತರವನ್ನು ಅದು ಬೇರ್ಪಡಿಸಿ ನೋಡಬಲ್ಲದು. ವಸ್ತುವಿನ ವೇಗಕ್ಕೆ ತಕ್ಕಂತೆ ಅದರ ಬೆಳಕಿನ ತರಂಗಾಂತರ ಸರಿಯುವುದರಿಂದ ಈ ಅಂತರವನ್ನು ವೇಗವಾಗಿಯೂ ಹೇಳಬಹುದು. ಬೆಳಕಿನ ವೇಗವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 110 ಕಿಲೋಮೀಟರ್ ಬರುತ್ತದೆ. ಇಷ್ಟು ಅಂತರ ಸುಮಾರು ಎರಡು ಪಿಕ್ಸೆಲ್‌ಗಳಲ್ಲಿ ಹರಡಿರುವುದರಿಂದ, ಒಂದು ಪಿಕ್ಸೆಲ್ ಎಂದರೆ ಸೆಕೆಂಡಿಗೆ ಐವತ್ತು ಚಿಲ್ಲರೆ ಕಿಲೋಮೀಟರ್ ವೇಗ ಎಂದಾಯಿತು. ಗ್ಯಾಲಕ್ಸಿಯೊಂದರಲ್ಲಿ ಅನಿಲ ಯಾವ ವೇಗದಲ್ಲಿ ಸುತ್ತುತ್ತಿದೆ ಎಂದು ಅಳೆಯಹೊರಟವರಿಗೆ ಪಿಕ್ಸೆಲ್‌ನ ಹತ್ತನೇ ಒಂದು ಭಾಗದ ತಪ್ಪೂ ಸೆಕೆಂಡಿಗೆ ಐದು ಕಿಲೋಮೀಟರ್‌ನ ತಪ್ಪಾಗಿ ಎದುರಾಗುತ್ತದೆ.

ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ದಾರಿ ನನಗೆ ಬಹಳ ಮೆಚ್ಚಿಗೆಯಾದದ್ದು. ಚಕ್ರವನ್ನು ತಪ್ಪದೆ ನಿಲ್ಲಿಸುವ ಹಟವನ್ನು ಅವರು ಬಿಟ್ಟರು. ಅದು ಎಲ್ಲಿ ನಿಂತಿತು ಎಂಬುದನ್ನು ತಪ್ಪದೆ ಅಳೆಯುವ ಏರ್ಪಾಡು ಮಾಡಿದರು. ಖಾಲಿ ಇದ್ದಾಗಲೂ ಇಪ್ಪತ್ತು ಗ್ರಾಂ ತೋರಿಸುವ ತಕ್ಕಡಿಯನ್ನು ಅಂಗಡಿಯವರು ಎಸೆಯುವುದಿಲ್ಲ, ಆ ಇಪ್ಪತ್ತನ್ನು ಕಳೆದು ಲೆಕ್ಕ ಹಾಕುತ್ತಾರೆ. ಇಲ್ಲಿ ವ್ಯತ್ಯಾಸವೆಂದರೆ, ಕಳೆಯಬೇಕಾದ ಮೊತ್ತ ಪ್ರತಿ ತೂಕಕ್ಕೂ ಬೇರೆ, ಆದ್ದರಿಂದ ಪ್ರತಿಸಲವೂ ಅದನ್ನು ಹೊಸದಾಗಿ ಓದಿಕೊಳ್ಳಬೇಕು. ಚಕ್ರದ ಬಳಿ ಕಾಂತಕ್ಷೇತ್ರಕ್ಕೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವ ಸಂವೇದಕಗಳಿವೆ. ಚಕ್ರ ತುಸು ವಾಲಿದರೂ ಅವು ಕೊಡುವ ವೋಲ್ಟೇಜು ಬದಲಾಗುತ್ತದೆ. ವಾಲುವಿಕೆಯನ್ನು ಅವು ಎರಡು ದಿಕ್ಕಿನಲ್ಲಿ ಓದುತ್ತವೆ: ರೋಹಿತ ಹರಡುವ ದಿಕ್ಕಿನಲ್ಲಿ, ಮತ್ತು ಅದಕ್ಕೆ ಅಡ್ಡಲಾಗಿ. ಉಪಕರಣ ಭೂಮಿಯಲ್ಲಿದ್ದಾಗಲೇ ಅದನ್ನು ನಿರ್ವಾತ ಕೋಣೆಯಲ್ಲಿ ತಣ್ಣಗಾಗಿಸಿ, ಚಕ್ರವನ್ನು ಮತ್ತೆ ಮತ್ತೆ ತಿರುಗಿಸಿ, ತರಂಗಾಂತರ ಗೊತ್ತಿರುವ ದೀಪದ ಬೆಳಕನ್ನು ಹಾಯಿಸಿ, ಆ ದೀಪದ ರೇಖೆಗಳು ಡಿಟೆಕ್ಟರ್ ಮೇಲೆ ಎಲ್ಲಿ ಬಿದ್ದವು ಮತ್ತು ಆ ಹೊತ್ತಿಗೆ ಸಂವೇದಕ ಎಷ್ಟು ವೋಲ್ಟೇಜು ತೋರಿಸಿತು ಎಂದು ಜೋಡಿ ಜೋಡಿಯಾಗಿ ಬರೆದಿಟ್ಟುಕೊಂಡರು. ಇವೆರಡರ ನಡುವೆ ಸರಳರೇಖೆಯ ಸಂಬಂಧವಿದೆ. ಆ ರೇಖೆಯೇ ಕ್ಯಾಲಿಬ್ರೇಷನ್‌ನ ತಿರುಳು. 2022ರಲ್ಲಿ ಉಪಕರಣ ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ತನ್ನ ಜಾಗ ಸೇರಿದ ಮೇಲೆ ಒಳಗಿನ ದೀಪಗಳನ್ನು ಹಚ್ಚಿ ಅದನ್ನು ಮತ್ತೊಮ್ಮೆ ಪರೀಕ್ಷಿಸಲಾಯಿತು. ಈಗ ಪ್ರತಿಯೊಂದು ವೀಕ್ಷಣೆಯ ಫೈಲಿನ ತಲೆಬರಹದಲ್ಲಿ ಆ ಹೊತ್ತಿನ ವಾಲುವಿಕೆಯ ಓದು ದಾಖಲಾಗಿರುತ್ತದೆ. ಅದನ್ನು ಬಳಸಿ ಸಾಫ್ಟ್‌ವೇರ್ ಯಾವ ಪಿಕ್ಸೆಲ್‌ಗೆ ಯಾವ ತರಂಗಾಂತರ ಎಂದು ಹೊಸದಾಗಿ ಲೆಕ್ಕ ಹಾಕುತ್ತದೆ.

ಒಳಗಿನ ದೀಪವೊಂದೇ ಸಾಲದು. ದೀಪದ ಬೆಳಕು ದೂರದರ್ಶಕದ ದೊಡ್ಡ ಕನ್ನಡಿಯನ್ನು ಕಾಣದೆ ಉಪಕರಣದೊಳಗೇ ಹುಟ್ಟಿ ಬರುತ್ತದೆ, ನಕ್ಷತ್ರದ ಬೆಳಕಾದರೋ ಇಡೀ ದಾರಿಯನ್ನು ಹಾದು ಬರುತ್ತದೆ. ಆದ್ದರಿಂದ ಪ್ರಖರವಾದ, ತರಂಗಾಂತರ ಖಚಿತವಾಗಿ ಗೊತ್ತಿರುವ ರೇಖೆಗಳನ್ನು ಸೂಸುವ ಗ್ರಹ ನೀಹಾರಿಕೆಗಳನ್ನೂ (ಸಾಯುತ್ತಿರುವ ನಕ್ಷತ್ರದ ಸುತ್ತ ಹರಡಿ ಹೊಳೆಯುವ ಅನಿಲವನ್ನು) ನೋಡುತ್ತಾರೆ. ದೊಡ್ಡ ಮೆಗಲಾನಿಕ್ ಮೇಘ ಎಂಬ ನೆರೆಯ ಗ್ಯಾಲಕ್ಸಿಯಲ್ಲಿರುವ ಎಸ್‌ಎಂಪಿ ಎಲ್‌ಎಂಸಿ 58 ಎಂಬ ನೀಹಾರಿಕೆ ವೆಬ್ ತಂಡದವರಿಗೆ ಇಂಥ ಕೆಲಸಕ್ಕೆ ಒದಗಿಬಂದದ್ದು.

ಆ ಎಂಟನೆಯ ಸ್ಥಾನದ ಕನ್ನಡಿಯ ಕಥೆಯೂ ಇದೇ. ಸಣ್ಣ ಕಿಂಡಿಯೊಳಕ್ಕೆ ನಕ್ಷತ್ರವನ್ನು ಕೂರಿಸುವ ಮೊದಲು ಉಪಕರಣ ಕನ್ನಡಿಯನ್ನು ಮುಂದಿಟ್ಟುಕೊಂಡು ಆಕಾಶದ ನೇರ ಚಿತ್ರ ತೆಗೆಯುತ್ತದೆ. ಕನ್ನಡಿಯೂ ಪ್ರತಿಸಲ ಒಂದೇ ಥರ ನಿಲ್ಲದ ಕಾರಣ, ನಕ್ಷತ್ರ ಕಂಡ ಜಾಗವನ್ನು ಸಂವೇದಕದ ಓದಿನಿಂದ ತಿದ್ದುವ ಲೆಕ್ಕ ಅಲ್ಲೇ, ದೂರದರ್ಶಕದ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಭೂಮಿಯಿಂದ ಉತ್ತರ ಬರಲಿ ಎಂದು ಕಾಯುವಂತಿಲ್ಲ.

ಕೆನಡಾ ಒದಗಿಸಿದ ನಿರಿಸ್ ಎಂಬ ಉಪಕರಣದಲ್ಲಿ ತೊಂದರೆಯ ರೂಪ ಬೇರೆ. ಅಲ್ಲಿ ಬೇರೆ ನಕ್ಷತ್ರಗಳ ಗ್ರಹಗಳ ವಾತಾವರಣವನ್ನು ನೋಡಲು ಬಳಸುವ ಗ್ರಿಸಂ (ಗ್ರೇಟಿಂಗ್ ಕೆತ್ತಿದ ಪ್ರಿಸಂ) ಒಂದು ಚಕ್ರದ ಮೇಲೆ ಕೂತಿದೆ. ಚಕ್ರ ಡಿಗ್ರಿಯ ಹತ್ತನೇ ಒಂದು ಭಾಗದ ಮಟ್ಟದಲ್ಲಿ ಹೆಚ್ಚುಕಡಿಮೆ ನಿಂತರೆ, ಡಿಟೆಕ್ಟರ್ ಮೇಲೆ ಬಿಲ್ಲಿನಂತೆ ಬಾಗಿರುವ ರೋಹಿತದ ಜಾಡು ಅಷ್ಟೇ ಪ್ರಮಾಣದಲ್ಲಿ ತಿರುಗಿರುತ್ತದೆ. ಅಲ್ಲಿಯೂ ಚಕ್ರ ನಿಂತ ಕೋನವನ್ನು ತಲೆಬರಹದಲ್ಲಿ ಬರೆದಿಟ್ಟು, ಆ ಕೋನಕ್ಕೆ ಜಾಡು ಎಲ್ಲಿರಬೇಕೆಂದು ಹೇಳುವ ಸೂತ್ರವನ್ನು ಹಲವು ವೀಕ್ಷಣೆಗಳಿಂದ ಕಟ್ಟಿದ್ದಾರೆ. ಗ್ರಹವೊಂದು ತನ್ನ ನಕ್ಷತ್ರದ ಮುಂದೆ ಹಾದುಹೋಗುವ ಆ ಕೆಲವು ಗಂಟೆಗಳಲ್ಲಂತೂ ಚಕ್ರವನ್ನು ಮುಟ್ಟುವುದೇ ಇಲ್ಲ.

ಪ್ರಶ್ನೆ: ನಾನು ಯಂತ್ರಾಗಾರದಲ್ಲಿ ದುಡಿದು ನಿವೃತ್ತನಾದವನು. ಒಳ್ಳೆಯ ಬೇರಿಂಗು, ಒಳ್ಳೆಯ ಎಣ್ಣೆ, ಒಳ್ಳೆಯ ಸರ್ವೋ ಮೋಟಾರು ಇದ್ದರೆ ಚಕ್ರವನ್ನು ಬೇಕಾದ ಕಡೆ ನಿಲ್ಲಿಸುವುದು ಅಂಥ ಕಷ್ಟದ ಕೆಲಸವಲ್ಲ. ಅಷ್ಟು ಕೋಟಿ ಸುರಿದು ಮಾಡಿದ ದೂರದರ್ಶಕದಲ್ಲಿ ಅದೇಕೆ ಆಗಲಿಲ್ಲ?
— ಬೆಳಗಾವಿಯ ಓದುಗರು

ಉತ್ತರ: ತಾವು ಹೇಳಿದ ಮೂರರಲ್ಲಿ ಎಣ್ಣೆ ಅಲ್ಲಿ ಇಲ್ಲವೇ ಇಲ್ಲ, ಸರ್ವೋ ಮೋಟಾರನ್ನು ತಾವು ಬಳಸುವ ರೀತಿಯಲ್ಲಿ ಬಳಸುವಂತಿಲ್ಲ, ಬೇರಿಂಗಿನ ಬಗ್ಗೆ ಮುಂದೆ ಹೇಳುತ್ತೇನೆ.

ವೆಬ್‌ನಲ್ಲಿ ಅತಿ ತಣ್ಣಗಿರುವ ಉಪಕರಣದ ಹೆಸರು ಮಿರಿ. ಅದನ್ನು ಶೀತಕ ಯಂತ್ರವೊಂದು 7 ಕೆಲ್ವಿನ್‌ಗಿಂತ ಕೆಳಗೆ, ಎಂದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ 266 ಡಿಗ್ರಿ ಕೆಳಗೆ ಇಡುತ್ತದೆ. 2022ರ ಏಪ್ರಿಲ್‌ನಲ್ಲಿ ಅದು ಈ ತಾಪವನ್ನು ಮುಟ್ಟಿತು. ಈ ಚಳಿಯಲ್ಲಿ ಯಾವ ಎಣ್ಣೆಯೂ ಗ್ರೀಸೂ ಹರಿಯದೆ ಗಟ್ಟಿಯಾಗುತ್ತದೆ. ಹರಿಯುವಷ್ಟು ಬೆಚ್ಚಗಿನ ಉಪಕರಣಗಳಲ್ಲೂ ನಿರ್ವಾತದಲ್ಲಿ ಎಣ್ಣೆಯ ಆವಿ ಮೆಲ್ಲಗೆ ಹೊರಟು ಕನ್ನಡಿಗಳ ಮೇಲೆ ಕೂತುಬಿಟ್ಟರೆ ತೊಳೆಯುವವರಿಲ್ಲ. ಆದ್ದರಿಂದ ಬೇರಿಂಗಿನ ಗುಂಡುಗಳಿಗೆ ಮಾಲಿಬ್ಡಿನಂ ಡೈಸಲ್ಫೈಡ್ ಎಂಬ ಒಣ ಪುಡಿಯ ತೆಳು ಲೇಪವಿರುತ್ತದೆ. ತಮ್ಮ ಕಸುಬಿನಲ್ಲಿ ಇದೇ ಪುಡಿಯನ್ನು ಬೆರೆಸಿದ ಕಪ್ಪು ಗ್ರೀಸನ್ನು ತಾವು ಕೈಯಾರೆ ಬಳಸಿರುತ್ತೀರಿ. ಗ್ರೀಸು ತೆಗೆದು ಪುಡಿಯನ್ನಷ್ಟೇ ಇಟ್ಟರೆ ಘರ್ಷಣೆ ಎಲ್ಲ ಹೊತ್ತಿನಲ್ಲೂ ಒಂದೇ ಸಮನಾಗಿರುವುದಿಲ್ಲ ಎಂಬುದನ್ನು ತಮಗೆ ವಿವರಿಸಬೇಕಾಗಿಲ್ಲ.

ಮೋಟಾರಿನ ವಿಷಯ ಹೀಗಿದೆ. ಸರ್ವೋ ಮೋಟಾರು ಚಕ್ರವನ್ನು ಒಂದು ಕಡೆ ಹಿಡಿದಿಡಲು ಸದಾ ವಿದ್ಯುತ್ ಕುಡಿಯುತ್ತಿರುತ್ತದೆ, ವಿದ್ಯುತ್ ಕುಡಿದಲ್ಲಿ ಶಾಖ ಹುಟ್ಟುತ್ತದೆ. ಮಿರಿಯ ಮಟ್ಟದ ತಂಪಿನಲ್ಲಿ ಮಿಲಿವಾಟ್ ಲೆಕ್ಕದ ಶಾಖವೂ ಶೀತಕ ಯಂತ್ರಕ್ಕೆ ಹೊರೆಯೇ. ಹಾಗಾಗಿ ಮೋಟಾರನ್ನು ಚಕ್ರ ತಿರುಗಿಸುವಾಗ ಮಾತ್ರ ಚಾಲೂ ಮಾಡಿ, ಹಿಡಿದು ನಿಲ್ಲಿಸುವ ಕೆಲಸವನ್ನು ಸ್ಪ್ರಿಂಗ್ ಕೊಂಡಿಗೆ ಬಿಟ್ಟಿದ್ದಾರೆ. ಚಕ್ರದ ಅಂಚಿನಲ್ಲಿ ಸಣ್ಣ ಬೇರಿಂಗುಗಳನ್ನು ಕೂರಿಸಿರುತ್ತಾರೆ, ಸ್ಪ್ರಿಂಗಿನಿಂದ ಒತ್ತಿಕೊಂಡಿರುವ ಕೊಂಡಿ ಅವುಗಳಿಗೆ ಸಿಕ್ಕಿ ಚಕ್ರವನ್ನು ಸರಿಯಾದ ಸ್ಥಾನಕ್ಕೆ ಎಳೆದುಕೊಳ್ಳುತ್ತದೆ. ಕರೆಂಟು ಹೋದರೂ ಚಕ್ರ ಕದಲುವುದಿಲ್ಲ. ಆದರೆ ಸ್ಪ್ರಿಂಗ್ ಎಳೆಯುವ ಬಲ ಕೊನೆಯ ಹಂತದಲ್ಲಿ ಕಡಿಮೆಯಾಗುತ್ತಾ ಬಂದು, ಬೇರಿಂಗಿನ ಘರ್ಷಣೆಯೊಂದಿಗೆ ಸರಿಸಮವಾದ ಕಡೆ ಚಕ್ರ ನಿಂತುಬಿಡುತ್ತದೆ. ಘರ್ಷಣೆ ಹೆಚ್ಚುಕಡಿಮೆಯಾದರೆ ನಿಲ್ಲುವ ಜಾಗವೂ ಹೆಚ್ಚುಕಡಿಮೆ. ಇದರ ಜೊತೆಗೆ, ಕೋಣೆಯ ಬಿಸಿಯಲ್ಲಿ ಜೋಡಿಸಿದ ಯಂತ್ರ ಮುನ್ನೂರು ಡಿಗ್ರಿಯಷ್ಟು ತಣ್ಣಗಾದಾಗ ಬೇರೆ ಬೇರೆ ಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ. ಅದಕ್ಕೂ ಮೊದಲು ರಾಕೆಟ್ಟಿನ ಅದುರಾಟವನ್ನು ಆ ಗುಂಡುಗಳು ತಡೆದುಕೊಂಡಿರಬೇಕು. ಹಾರುವ ಮೊದಲಿನ ಪರೀಕ್ಷೆಯೂ ಸುಲಭವಲ್ಲ. ದೂರದರ್ಶಕ ಮತ್ತು ಉಪಕರಣಗಳನ್ನು ಒಟ್ಟಾಗಿ 2017ರಲ್ಲಿ ಹ್ಯೂಸ್ಟನ್‌ನ ಜಾನ್ಸನ್ ಬಾಹ್ಯಾಕಾಶ ಕೇಂದ್ರದ ದೈತ್ಯ ನಿರ್ವಾತ ಕೋಣೆಯಲ್ಲಿ ತಣ್ಣಗಾಗಿಸಿ, ಪರೀಕ್ಷಿಸಿ, ಮತ್ತೆ ಬೆಚ್ಚಗಾಗಿಸಿ ಹೊರತೆಗೆಯಲು ಸುಮಾರು 100 ದಿನ ಬೇಕಾಯಿತು. ನಡುವೆ ಹಾರ್ವಿ ಚಂಡಮಾರುತ ಊರನ್ನೇ ಮುಳುಗಿಸಿದರೂ ಕೋಣೆಯೊಳಗಿನ ಕೆಲಸ ನಿಲ್ಲಲಿಲ್ಲ.

ಇನ್ನು ಬೇರಿಂಗು. ಮಿರಿಯಲ್ಲಿ ಮಧ್ಯಮ ಸೂಕ್ಷ್ಮತೆಯ ರೋಹಿತಮಾಪಕವೊಂದಿದೆ. ಅದು ಸುಮಾರು 5ರಿಂದ 28 ಮೈಕ್ರಾನ್‌ವರೆಗಿನ ಬೆಳಕನ್ನು ಹನ್ನೆರಡು ತುಂಡುಗಳಾಗಿ ನೋಡುತ್ತದೆ. ಒಂದು ಸಲಕ್ಕೆ ನಾಲ್ಕು ತುಂಡು, ಮೂರು ಸಲಕ್ಕೆ ಪೂರ್ತಿ. ಇದನ್ನು ಸಾಧಿಸಲು ಮೂರು ಮೂರು ಸ್ಥಾನಗಳ ಎರಡೇ ಚಕ್ರಗಳು ಸಾಕು, ಏಕೆಂದರೆ ಬೆಳಕನ್ನು ಬೇರ್ಪಡಿಸುವ ಫಿಲ್ಟರ್‌ಗಳನ್ನೂ ಗ್ರೇಟಿಂಗ್‌ಗಳನ್ನೂ ಒಂದೇ ಅಚ್ಚಿಗೆ ಜೋಡಿಸಿ ಒಟ್ಟಿಗೆ ತಿರುಗುವಂತೆ ಮಾಡಿದ್ದಾರೆ. 2022ರ ಆಗಸ್ಟ್ 24ರಂದು ವೀಕ್ಷಣೆಯೊಂದಕ್ಕೆ ಅಣಿಯಾಗುತ್ತಿದ್ದಾಗ ಇಂಥ ಚಕ್ರವೊಂದರಲ್ಲಿ ಘರ್ಷಣೆ ಹೆಚ್ಚಿರುವುದು ಕಂಡುಬಂತು. ಆ ವಿಧಾನದ ವೀಕ್ಷಣೆಗಳನ್ನು ಮಾತ್ರ ತಡೆಹಿಡಿದು, ಮಿರಿಯ ಉಳಿದ ಮೂರು ವಿಧಾನಗಳನ್ನು ಎಂದಿನಂತೆ ಮುಂದುವರಿಸಿ, ಸಮಿತಿಯೊಂದು ಕಾರಣ ಹುಡುಕಲು ಕುಳಿತಿತು. ಚಕ್ರದ ನಡುವಿನ ಬೇರಿಂಗಿನ ಒಳಭಾಗಗಳು ಕೆಲವು ಸಂದರ್ಭಗಳಲ್ಲಿ ಒಂದನ್ನೊಂದು ಹೆಚ್ಚು ಒತ್ತುತ್ತಿವೆ ಎಂಬ ತೀರ್ಮಾನಕ್ಕೆ ಅವರು ಬಂದರು. ಬಿಚ್ಚಿ ನೋಡುವ ಮಾತಿಲ್ಲ, ಆದ್ದರಿಂದ ಚಕ್ರವನ್ನು ನಡೆಸುವ ಕ್ರಮವನ್ನೇ ಬದಲಿಸಿ ನವೆಂಬರ್ 2ರಂದು ಪರೀಕ್ಷಿಸಿದರು, ನವೆಂಬರ್ 12ರಿಂದ ಆ ವಿಧಾನವನ್ನು ಮತ್ತೆ ಬಳಕೆಗೆ ತಂದರು. ಮೊದಲ ಕೆಲಸವಾಗಿ ಆರಿಸಿಕೊಂಡದ್ದು ಶನಿಗ್ರಹದ ಧ್ರುವ ಪ್ರದೇಶ. ಆ ಅವಕಾಶ ತಪ್ಪಿದ್ದರೆ ವೆಬ್‌ಗೆ ಆ ಪ್ರದೇಶ ಮುಂದಿನ ಇಪ್ಪತ್ತು ವರ್ಷ ಕಾಣುತ್ತಿರಲಿಲ್ಲ. ಕ್ಯಾಲಿಬ್ರೇಷನ್ ಎಂದರೆ ಬರೀ ನಿಲ್ಲುವ ಜಾಗದ ಲೆಕ್ಕವಲ್ಲ, ತಿರುಗಲು ಎಷ್ಟು ಬಲ ಬೇಕಾಯಿತು ಎಂಬ ಲೆಕ್ಕವೂ ಅದರಲ್ಲಿ ಸೇರಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಚಲಿಸುವ ಭಾಗವನ್ನು ಚಲಿಸದೆ ಬಿಟ್ಟದ್ದೂ ಉಂಟು. 2003ರಲ್ಲಿ ಹಾರಿದ ಸ್ಪಿಟ್ಜರ್ ದೂರದರ್ಶಕದ ಅವಕೆಂಪು ಕ್ಯಾಮೆರಾದಲ್ಲಿ ಒಂದು ಶಟರ್ ಇತ್ತು. ಮುಚ್ಚಿದ ಸ್ಥಿತಿಯಲ್ಲಿ ಅದು ಸಿಕ್ಕಿಹಾಕಿಕೊಂಡರೆ ಕ್ಯಾಮೆರಾವೇ ಕುರುಡಾಗುತ್ತದೆಂದು ಹಾರಾಟದಲ್ಲಿ ಅದನ್ನು ಬಳಸಲೇ ಇಲ್ಲ. ಶಟರ್ ಮುಚ್ಚಿ ತೆಗೆಯಬೇಕಿದ್ದ ಕತ್ತಲೆಯ ಚಿತ್ರಗಳ ಬದಲಿಗೆ ಆಕಾಶದ ಅತಿ ಖಾಲಿ ಭಾಗಗಳ ಚಿತ್ರ ತೆಗೆದು ಲೆಕ್ಕ ಹೊಂದಿಸಿಕೊಂಡರು.

ಪ್ರಶ್ನೆ: ಹಬಲ್ ದೂರದರ್ಶಕದಲ್ಲೂ ಇದೇ ಪದ್ಧತಿ ಇದೆಯೇ?
— ಬೆಂಗಳೂರಿನ ಓದುಗರು

ಉತ್ತರ: ತೊಂದರೆ ಅದೇ, ಪದ್ಧತಿ ಬೇರೆ. 1997ರಲ್ಲಿ ಗಗನಯಾತ್ರಿಗಳು ಹಬಲ್‌ಗೆ ಜೋಡಿಸಿದ ಸ್ಟಿಸ್ ಎಂಬ ರೋಹಿತಮಾಪಕದಲ್ಲಿ ಗ್ರೇಟಿಂಗ್‌ಗಳನ್ನು ಹೊತ್ತ ಚಕ್ರ ಪ್ರತಿಸಲ ತುಸು ಬೇರೆ ಬೇರೆಯಾಗಿ ನಿಲ್ಲುತ್ತದೆ. ಅಲ್ಲಿ ಸಂವೇದಕದ ಮೇಲೆ ಭಾರ ಹಾಕದೆ, ವೀಕ್ಷಣೆಯ ಜೊತೆಗೇ ಪ್ಲಾಟಿನಂ, ಕ್ರೋಮಿಯಂ ಮತ್ತು ನಿಯಾನ್ ರೇಖೆಗಳ ದೀಪವೊಂದನ್ನು ಹಚ್ಚಿ ಅದರ ರೋಹಿತವನ್ನೂ ತೆಗೆದುಬಿಡುತ್ತಾರೆ. ದೀಪದ ರೇಖೆಗಳ ತರಂಗಾಂತರವನ್ನು ಪ್ರಯೋಗಾಲಯದಲ್ಲಿ ಮೊದಲೇ ಬಹು ನಿಖರವಾಗಿ ಅಳೆದಿರುವುದರಿಂದ, ಅವು ಎಷ್ಟು ಸರಿದಿವೆಯೋ ನಕ್ಷತ್ರದ ರೋಹಿತವೂ ಅಷ್ಟೇ ಸರಿದಿದೆ ಎಂದು ತಿದ್ದಿಕೊಳ್ಳಬಹುದು.

2009ರ ಮೇ ತಿಂಗಳಿನಲ್ಲಿ ಹಬಲ್‌ಗೇ ಜೋಡಿಸಿದ ಕಾಸ್ಮಿಕ್ ಆರಿಜಿನ್ಸ್ ಸ್ಪೆಕ್ಟ್ರೋಗ್ರಾಫ್‌ನಲ್ಲಿ ಇದೂ ಸಾಲದೆ ಬಂತು. ಅದರ ಗ್ರೇಟಿಂಗ್ ಚಕ್ರಗಳು ತಿರುಗಿ ನಿಂತ ಮೇಲೂ ನಿಜವಾಗಿ ನಿಂತಿರುವುದಿಲ್ಲ, ಬಹಳ ಹೊತ್ತು ಮೆಲ್ಲಮೆಲ್ಲನೆ ಜಾರುತ್ತಲೇ ಇರುತ್ತವೆ. ವೀಕ್ಷಣೆಯ ಮೊದಲ ನಿಮಿಷದ ರೋಹಿತವೂ ಕೊನೆಯ ನಿಮಿಷದ ರೋಹಿತವೂ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಪರಿಹಾರ ಅಚ್ಚುಕಟ್ಟಾಗಿದೆ. ನಕ್ಷತ್ರವನ್ನು ನೋಡುತ್ತಿರುವಾಗಲೇ ನಡುನಡುವೆ ಪ್ಲಾಟಿನಂ-ನಿಯಾನ್ ದೀಪವನ್ನು ಸ್ವಲ್ಪ ಹೊತ್ತು ಹಚ್ಚಿ ಆರಿಸುತ್ತಾರೆ. ದೀಪದ ಬೆಳಕು ಡಿಟೆಕ್ಟರ್‌ನ ಬೇರೊಂದು ಪಟ್ಟಿಯಲ್ಲಿ ಬೀಳುವುದರಿಂದ ನಕ್ಷತ್ರದ ರೋಹಿತಕ್ಕೆ ಅಡ್ಡಿಯಿಲ್ಲ. ಈ ಉಪಕರಣ ಬಂದು ಬಿದ್ದ ಒಂದೊಂದು ಫೋಟಾನ್‌ನ (ಬೆಳಕಿನ ಕಣದ) ಜಾಗವನ್ನೂ ವೇಳೆಯನ್ನೂ ಪಟ್ಟಿ ಮಾಡಬಲ್ಲದು. ಯಾವ ವೇಳೆಗೆ ಚಕ್ರ ಎಷ್ಟು ಜಾರಿತ್ತೆಂದು ದೀಪ ಹೇಳುತ್ತದೆ, ಆ ವೇಳೆಗೆ ಬಂದ ಫೋಟಾನ್‌ಗಳನ್ನು ಸಾಫ್ಟ್‌ವೇರ್ ಅಷ್ಟೇ ಹಿಂದಕ್ಕೆ ಸರಿಸಿಡುತ್ತದೆ.

ಪ್ರಶ್ನೆ: ವೆಬ್‌ನ ಒಂದು ಉಪಕರಣದಲ್ಲಿ ಲಕ್ಷಗಟ್ಟಲೆ ಪುಟ್ಟ ಕಿಂಡಿಗಳಿದ್ದು, ಒಂದೊಂದನ್ನೂ ತೆರೆದು ಮುಚ್ಚಬಹುದಂತೆ. ಅವೂ ಚಲಿಸುವ ಭಾಗಗಳೇ ತಾನೆ?
— ಕಲಬುರಗಿಯ ಓದುಗರು

ಉತ್ತರ: ಹೌದು, ಮೇಲೆ ಹೇಳಿದ ನಿಯರ್‌ಸ್ಪೆಕ್‌ನಲ್ಲೇ ಇವೆ. ಒಂದೊಂದರಲ್ಲಿ 365ಕ್ಕೆ 171ರಂತೆ ನಾಲ್ಕು ಹಲಗೆಗಳು, ಒಟ್ಟು ಸುಮಾರು ಎರಡೂವರೆ ಲಕ್ಷ ಕಿಂಡಿಗಳು. ಕಾಂತವೊಂದು ಅವುಗಳ ಮುಂದೆ ಹಾದುಹೋದಾಗ ಎಲ್ಲ ಕದಗಳೂ ತೆರೆಯುತ್ತವೆ, ವೋಲ್ಟೇಜು ಕೊಟ್ಟವು ಮಾತ್ರ ತೆರೆದೇ ಉಳಿಯುತ್ತವೆ. ಇಷ್ಟೊಂದರಲ್ಲಿ ಕೆಲವು ಕೆಡುವುದು ಸಹಜ. ತೆರೆಯದ ಕಿಂಡಿಯಿಂದ ಆಗುವ ನಷ್ಟ ಸಣ್ಣದು, ಅಲ್ಲಿ ಯಾವ ಗ್ಯಾಲಕ್ಸಿಯನ್ನೂ ಇಡದಿದ್ದರಾಯಿತು. ಮುಚ್ಚದೆ ಉಳಿದದ್ದು ಹೆಚ್ಚು ಉಪದ್ರವಕಾರಿ, ಏಕೆಂದರೆ ಕರೆಯದೆ ಬಂದ ಬೆಳಕಿನ ರೋಹಿತ ಅದರಿಂದ ನುಸುಳಿ ಬೇರೆಯವರ ರೋಹಿತದ ಮೇಲೆ ಬೀಳುತ್ತದೆ. ಎಲ್ಲವನ್ನೂ ತೆರೆಯಲು ಹೇಳಿ, ಆಮೇಲೆ ಎಲ್ಲವನ್ನೂ ಮುಚ್ಚಲು ಹೇಳಿ ಚಿತ್ರ ತೆಗೆದರೆ ಮಾತು ಕೇಳದವು ಯಾವುವೆಂದು ಗೊತ್ತಾಗುತ್ತದೆ. ಈ ನಕ್ಷೆಯನ್ನು ಕಾಲಕಾಲಕ್ಕೆ ಹೊಸದು ಮಾಡುತ್ತಾರೆ, ವೀಕ್ಷಣೆಯ ಯೋಜನೆ ಹಾಕುವವರು ಅದನ್ನು ಮುಂದಿಟ್ಟುಕೊಂಡೇ ಕೂರುತ್ತಾರೆ.

ಪ್ರಶ್ನೆ: ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕವನ್ನು ನಮ್ಮೂರಿನ ಕೇಂದ್ರದಲ್ಲಿ ಜೋಡಿಸಿದರೆಂದು ಕೇಳಿದ್ದೇನೆ. ಅದರಲ್ಲೂ ಇಂಥ ಚಕ್ರಗಳಿವೆಯೇ?
— ಪ್ರೌಢಶಾಲಾ ಶಿಕ್ಷಕರು, ಹೊಸಕೋಟೆ

ಉತ್ತರ: ಇವೆ. ಯುವಿಟ್ ಎಂದು ಕರೆಯುವ ಆ ಉಪಕರಣವನ್ನು ಜೋಡಿಸಿದ್ದು ಭಾರತೀಯ ಖಭೌತ ಸಂಸ್ಥೆಯ ಹೊಸಕೋಟೆ ಆವರಣದಲ್ಲಿ. ಪುಣೆಯ ಖಗೋಳ ಸಂಶೋಧನಾ ಕೇಂದ್ರ ಅಯುಕಾ, ಇಸ್ರೋ ಮತ್ತು ಕೆನಡಾದ ಬಾಹ್ಯಾಕಾಶ ಸಂಸ್ಥೆ ಅದರಲ್ಲಿ ಪಾಲುದಾರರು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟೆಯಿಂದ ಹಾರಿದ ಆಸ್ಟ್ರೋಸ್ಯಾಟ್‌ನಲ್ಲಿ ಇದರ ಎರಡು ಅವಳಿ ದೂರದರ್ಶಕಗಳಿವೆ, ಒಂದೊಂದರ ಕನ್ನಡಿಯ ಅಗಲ ಸುಮಾರು 38 ಸೆಂಟಿಮೀಟರ್. ಹಾರಿದ ಸುಮಾರು ಎರಡು ತಿಂಗಳವರೆಗೆ ಅವುಗಳ ಬಾಗಿಲನ್ನೇ ತೆರೆಯಲಿಲ್ಲ. ಉಪಗ್ರಹದ ವಸ್ತುಗಳಿಂದ ಹೊರಡುವ ಆವಿ ಆರಿಹೋಗಲಿ, ಅತಿನೇರಳೆ ಕನ್ನಡಿಗಳ ಮೇಲೆ ಕೂರದಿರಲಿ ಎಂಬ ಎಚ್ಚರಿಕೆ ಅದು.

ದೂರದ ಅತಿನೇರಳೆ ಭಾಗದ ಚಕ್ರದಲ್ಲಿ ಎಂಟು ಸ್ಥಾನಗಳು. ಕ್ಯಾಲ್ಸಿಯಂ ಫ್ಲೋರೈಡ್, ಬೇರಿಯಂ ಫ್ಲೋರೈಡ್, ಸಫೈರ್, ಸಿಲಿಕಾ ಫಿಲ್ಟರ್‌ಗಳ ನಡುವೆ ಎರಡು ಗ್ರೇಟಿಂಗ್‌ಗಳಿವೆ, ಇನ್ನೊಂದು ಸ್ಥಾನದಲ್ಲಿ ಬೆಳಕನ್ನು ಪೂರ್ತಿ ತಡೆಯುವ ಮುಚ್ಚಳ. ಎರಡು ಗ್ರೇಟಿಂಗ್‌ಗಳನ್ನು ಹೆಚ್ಚುಕಡಿಮೆ ಲಂಬ ದಿಕ್ಕುಗಳಲ್ಲಿ ರೋಹಿತ ಹರಡುವಂತೆ ಕೂರಿಸಿದ್ದಾರೆ. ಬೇಕಾದ ನಕ್ಷತ್ರದ ಬೆಳಕನ್ನಷ್ಟೇ ಒಳಬಿಡುವ ಸೀಳುಗಂಡಿಯಿಲ್ಲದ ಈ ಉಪಕರಣದಲ್ಲಿ ಅಕ್ಕಪಕ್ಕದ ನಕ್ಷತ್ರಗಳ ರೋಹಿತಗಳು ಒಂದು ದಿಕ್ಕಿನಲ್ಲಿ ಒಂದರ ಮೇಲೊಂದು ಬಿದ್ದರೂ ಇನ್ನೊಂದು ದಿಕ್ಕಿನಲ್ಲಿ ಬಿಡಿಯಾಗಿ ಸಿಗುತ್ತವೆ. ಒಂದೊಂದು ಫಿಲ್ಟರ್‌ನ ಸಂವೇದನೆಯನ್ನು ಅಳೆಯಲು ಎಚ್‌ಝಡ್ 4 ಎಂಬ ಶ್ವೇತಕುಬ್ಜ ನಕ್ಷತ್ರವನ್ನು ಆರಿಸಿಕೊಂಡರು, ಏಕೆಂದರೆ ಅದರ ಅತಿನೇರಳೆ ಪ್ರಕಾಶ ಮೊದಲೇ ಚೆನ್ನಾಗಿ ಗೊತ್ತಿತ್ತು. ಕಾಲ ಕಳೆದಂತೆ ಸಂವೇದನೆ ಕುಗ್ಗುತ್ತಿದೆಯೇ ಎಂದು ನೋಡಲು ಎನ್‌ಜಿಸಿ 188 ಎಂಬ ನಕ್ಷತ್ರಗುಚ್ಛವನ್ನು ಮತ್ತೆ ಮತ್ತೆ ನೋಡಿದರು. ಗ್ರೇಟಿಂಗ್‌ಗಳ ತರಂಗಾಂತರ ಗುರುತಿಸಲು ಎನ್‌ಜಿಸಿ 40 ಎಂಬ ಗ್ರಹ ನೀಹಾರಿಕೆ ನೆರವಾಯಿತು.

ಯುವಿಟ್‌ನಲ್ಲಿ ಚಕ್ರಕ್ಕಿಂತ ಹೆಚ್ಚು ಕಾಡುವುದು ಉಪಗ್ರಹದ ಅಲುಗಾಟ. ಉಪಗ್ರಹ ಒಂದೇ ಕಡೆ ನೋಡುತ್ತಿರುವಂತಿದ್ದರೂ ನೋಟ ಮೆಲ್ಲಗೆ ಅತ್ತಿತ್ತ ತೇಲುತ್ತದೆ. ಡಿಟೆಕ್ಟರ್ ಸೆಕೆಂಡಿಗೆ ಸುಮಾರು 29 ಚಿತ್ರಗಳನ್ನು ತೆಗೆಯುತ್ತದೆ. ಗೋಚರ ಬೆಳಕಿನ ಭಾಗದಲ್ಲಿ ಕಾಣುವ ನಕ್ಷತ್ರಗಳ ಚಲನೆಯಿಂದ ತೇಲಾಟವನ್ನು ಅಳೆದು, ಅತಿನೇರಳೆ ಫೋಟಾನ್‌ಗಳ ದಾಖಲೆಯನ್ನು ಭೂಮಿಗೆ ತಂದ ಮೇಲೆ ಸರಿಸಿ ಜೋಡಿಸುತ್ತಾರೆ. ಹಬಲ್‌ನ ದೀಪ ಮಾಡುವ ಕೆಲಸವನ್ನು ಇಲ್ಲಿ ನಕ್ಷತ್ರಗಳೇ ಮಾಡುತ್ತವೆ. ಹೀಗೆ ಜೋಡಿಸಿದ ಚಿತ್ರದ ಸೂಕ್ಷ್ಮತೆ 1.5 ಕೋನ ಸೆಕೆಂಡಿಗಿಂತ ಉತ್ತಮವಾಗಿದ್ದು, ಇಷ್ಟು ಚಿಕ್ಕ ದೂರದರ್ಶಕಕ್ಕೆ ಅದು ಹೆಮ್ಮೆಪಡುವಂಥದ್ದು. ತಮ್ಮ ವಿದ್ಯಾರ್ಥಿಗಳಿಗೆ ಇದನ್ನು ಧಾರಾಳವಾಗಿ ಹೇಳಬಹುದು.

ಪ್ರಶ್ನೆ: ವೆಬ್‌ನ ಹದಿನೆಂಟು ಕನ್ನಡಿಗಳನ್ನು ಒಂದೇ ಕನ್ನಡಿಯಂತೆ ಹೊಂದಿಸಿದ್ದು ಹೇಗೆ? ಒಮ್ಮೆ ಹೊಂದಿಸಿದರೆ ಮುಗಿಯಿತೇ?
— ಮೈಸೂರಿನ ಓದುಗರು

ಉತ್ತರ: ಪ್ರತಿಯೊಂದು ಷಟ್ಕೋನ ಕನ್ನಡಿಯ ಬೆನ್ನಿಗೆ ಏಳು ಚಾಲಕಗಳಿವೆ. ಆರು ಅದರ ಜಾಗ ಮತ್ತು ವಾಲುವಿಕೆಯನ್ನು, ಏಳನೆಯದು ಅದರ ಬಾಗುವಿಕೆಯನ್ನು ಬದಲಿಸುತ್ತವೆ. ಎದುರಿನ ಚಿಕ್ಕ ಕನ್ನಡಿಯ ಆರನ್ನೂ ಸೇರಿಸಿದರೆ ಒಟ್ಟು 132. ಅತಿ ಸಣ್ಣ ಹೆಜ್ಜೆ 10 ನ್ಯಾನೊಮೀಟರಿಗೂ ಕಡಿಮೆ. 2022ರ ಫೆಬ್ರವರಿಯಲ್ಲಿ ಸಪ್ತರ್ಷಿ ಮಂಡಲದ ಎಚ್‌ಡಿ 84406 ಎಂಬ ನಕ್ಷತ್ರವನ್ನು ಮೊದಲು ನೋಡಿದಾಗ ಒಂದರ ಬದಲು ಹದಿನೆಂಟು ಚುಕ್ಕೆಗಳು ಚೆಲ್ಲಾಪಿಲ್ಲಿಯಾಗಿ ಕಂಡವು. ಯಾವ ಚುಕ್ಕೆ ಯಾವ ಕನ್ನಡಿಯದು ಎಂದು ತಿಳಿಯಲು ಒಂದೊಂದೇ ಕನ್ನಡಿಯನ್ನು ತುಸು ವಾಲಿಸಿ, ಸರಿದ ಚುಕ್ಕೆಗೆ ಅದರ ಹೆಸರು ಕೊಟ್ಟರು. ಆ ಮೊದಲ ಹುಡುಕಾಟಕ್ಕೇ 1,560 ಚಿತ್ರಗಳು ಬೇಕಾದವು. ಆಮೇಲೆ ಚುಕ್ಕೆಗಳನ್ನು ಒಂದರ ಮೇಲೊಂದು ಪೇರಿಸಿ, ಕನ್ನಡಿಗಳ ಎತ್ತರದ ವ್ಯತ್ಯಾಸವನ್ನು ಹಂತಹಂತವಾಗಿ ಇಳಿಸಿ, ಮಾರ್ಚ್ ಮಧ್ಯದ ಹೊತ್ತಿಗೆ ಚೊಕ್ಕಟವಾದ ಒಂದು ನಕ್ಷತ್ರವನ್ನು ಕಂಡರು.

ಮುಗಿಯುವ ಕೆಲಸ ಇದಲ್ಲ. ಎರಡು ದಿನಕ್ಕೊಮ್ಮೆ ಕನ್ನಡಿಗಳ ಹೊಂದಿಕೆಯನ್ನು ಅಳೆಯುತ್ತಾರೆ. ಅಳೆಯುವ ವಿಧಾನವೂ ನಮ್ಮ ಚಕ್ರಗಳಿಗೇ ಮರಳುತ್ತದೆ: ನಿಯರ್‌ಕ್ಯಾಮ್ ಎಂಬ ಕ್ಯಾಮೆರಾದ ಚಕ್ರಗಳಲ್ಲಿ ಕೂರಿಸಿರುವ ದುರ್ಬಲ ಮಸೂರಗಳನ್ನು ಮುಂದೆ ತಂದು, ನಕ್ಷತ್ರದ ಚಿತ್ರವನ್ನು ಬೇಕೆಂದೇ ಮಸುಕು ಮಾಡಿ, ಆ ಮಸುಕಿನ ಆಕಾರದಿಂದ ಯಾವ ಕನ್ನಡಿ ಎಷ್ಟು ತಪ್ಪಿದೆ ಎಂದು ಲೆಕ್ಕ ಹಾಕುತ್ತಾರೆ. ತಪ್ಪು ಮಿತಿ ದಾಟಿದಾಗ ಮಾತ್ರ ಚಾಲಕಗಳಿಗೆ ಆದೇಶ ಹೋಗುತ್ತದೆ. 2022ರ ಮೇ ತಿಂಗಳಿನಲ್ಲಿ ಸೂಕ್ಷ್ಮ ಉಲ್ಕೆಯೊಂದು ಸಿ3 ಎಂಬ ಕನ್ನಡಿಗೆ ಬಡಿದದ್ದು ಹೀಗೆ ಅಳೆಯುತ್ತಿದ್ದುದರಿಂದಲೇ ತಿಳಿಯಿತು, ಕನ್ನಡಿಯನ್ನು ತುಸು ಸರಿಸಿ ಆದ ಹಾನಿಯ ಒಂದು ಪಾಲನ್ನು ತುಂಬಿಕೊಂಡರು. ಹಬಲ್‌ನಲ್ಲಾದರೆ ಕನ್ನಡಿಗಳನ್ನು ಹಿಡಿದಿರುವ ಕಾರ್ಬನ್ ನಾರಿನ ಚೌಕಟ್ಟು ತನ್ನೊಳಗಿನ ನೀರಿನ ತೇವವನ್ನು ವರ್ಷಗಟ್ಟಲೆ ಕಳೆದುಕೊಳ್ಳುತ್ತಾ ಕುಗ್ಗಿದ್ದರಿಂದ, ಚಿಕ್ಕ ಕನ್ನಡಿಯನ್ನು ಆಗಾಗ ಸರಿಸಿ ಫೋಕಸ್ ಸರಿಮಾಡಬೇಕಾಯಿತು.

ಪ್ರಶ್ನೆ: ಇಷ್ಟೆಲ್ಲ ತಾಪತ್ರಯದ ಬದಲು ಚಲಿಸುವ ಭಾಗವೇ ಇಲ್ಲದ ಉಪಕರಣ ಮಾಡಬಾರದೇ?
— ಹತ್ತನೆಯ ತರಗತಿಯ ವಿದ್ಯಾರ್ಥಿ, ಶಿರಸಿ

ಉತ್ತರ: ಮಾಡಬಹುದು, ಅದಕ್ಕೆ ಹತ್ತಿರವಾದದ್ದನ್ನು ಮಾಡಿಯೂ ಇದ್ದಾರೆ. 2009ರ ಮಾರ್ಚ್‌ನಲ್ಲಿ ಹಾರಿದ ಕೆಪ್ಲರ್ ದೂರದರ್ಶಕದ ಕ್ಯಾಮೆರಾದಲ್ಲಿ ಫಿಲ್ಟರ್ ಚಕ್ರವೂ ಇರಲಿಲ್ಲ, ಶಟರ್ ಕೂಡ ಇರಲಿಲ್ಲ. ನಕ್ಷತ್ರಗಳ ಬೆಳಕು ಎಷ್ಟು ಕುಂದಿತು ಎಂಬುದನ್ನಷ್ಟೇ ಅದು ನೋಡಬೇಕಿತ್ತು, ಅದೇ ಆಕಾಶಭಾಗವನ್ನು ವರ್ಷಗಟ್ಟಲೆ. ಆದರೆ ಶಟರ್ ಇಲ್ಲದಿದ್ದರೆ ಬೇರೊಂದು ಪೇಚು. ಆರು ಸೆಕೆಂಡು ಬೆಳಕು ಸಂಗ್ರಹಿಸಿ, ಅರ್ಧ ಸೆಕೆಂಡಿನಲ್ಲಿ ಚಿತ್ರವನ್ನು ಓದಿ ಹೊರತೆಗೆಯುವಾಗಲೂ ನಕ್ಷತ್ರದ ಬೆಳಕು ಬೀಳುತ್ತಲೇ ಇರುವುದರಿಂದ ಪ್ರತಿಯೊಂದು ನಕ್ಷತ್ರವೂ ಡಿಟೆಕ್ಟರ್‌ನಲ್ಲಿ ತಾನಿರುವ ಪಿಕ್ಸೆಲ್ ಕಂಬಸಾಲಿನ ಉದ್ದಕ್ಕೂ ಮಸುಕಾದ ಗೆರೆ ಎಳೆಯುತ್ತದೆ. ಡಿಟೆಕ್ಟರ್‌ನ ಅಂಚಿನ ಕೆಲವು ಸಾಲುಗಳಿಗೆ ಬೆಳಕು ಬೀಳದಂತೆ ಮುಚ್ಚಿ, ಅಲ್ಲಿ ಕಾಣುವ ಗೆರೆಯ ಪ್ರಮಾಣವನ್ನು ಅಳೆದು, ಅದನ್ನು ಇಡೀ ಕಂಬಸಾಲಿನಿಂದ ಕಳೆಯುತ್ತಿದ್ದರು. ಫಿಲ್ಟರ್ ಇಲ್ಲದ ಕಾರಣ ನಕ್ಷತ್ರಗಳ ಬಣ್ಣವೂ ಕೆಪ್ಲರ್‌ಗೆ ತಿಳಿಯುತ್ತಿರಲಿಲ್ಲ. ಯಾವ ನಕ್ಷತ್ರ ಸೂರ್ಯನಂಥದ್ದು, ಯಾವುದು ದೈತ್ಯ ಎಂದು ಆರಿಸಿಕೊಳ್ಳಲು ಬೇಕಾದ ಬಣ್ಣಗಳನ್ನು ಅರಿಜೋನಾದ ವಿಪಲ್ ವೀಕ್ಷಣಾಲಯದ 1.2 ಮೀಟರ್ ದೂರದರ್ಶಕದಿಂದ, ಫಿಲ್ಟರ್‌ಗಳನ್ನು ಬದಲಿಸುತ್ತಾ, ಹಾರುವ ಮೊದಲೇ ಅಳೆದಿಟ್ಟಿದ್ದರು.